ಫೌಜದಾರನ ಕಾಡುರಕ್ತ

ದಾಂಡೇಲಿಯ ಗೂಳಪ್ಪನ ನಾಯಿ ಫೌಜದಾರ ಒಂದು ಸಲ ಆಕಳಿಸಿದರೆ ಸಾಕು, ಜೊಯಿಡಾ ಕಾಡಿನ ಹುಲಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಗೋವಾ ಬಸ್ಸಿಗೆ ಕಾಯುತ್ತಿದ್ದವು. ಬಸ್ಸಿನಲ್ಲಿ ಸೀಟು ಸಿಗದ ಹುಲಿಗಳು ನಡೆದೇ ಹೋಗುತ್ತಿದ್ದವು. ಕಾಳಿ ನದಿಯ ದಂಡೆಯಲ್ಲಿದ್ದ ಮೊಸಳೆಗಳು ಅವನ ಹೆಸರು ಕೇಳಿದರೆ ನೀರಿಗಿಳಿಯುತ್ತಿದ್ದವು. ನೀರಿನಲ್ಲಿದ್ದವು ದಂಡೆ ಹತ್ತುತ್ತಿದ್ದವು. ಒಟ್ಟಿನಲ್ಲಿ ಇದ್ದಲ್ಲಿ ಇರುತ್ತಿರಲಿಲ್ಲ. ಇದನ್ನು ನಂಬದವರು ಗೂಳಪ್ಪನನ್ನೇ ಕೇಳಬಹುದು. ಕಣ್ಣಾರೆ ಕಂಡವನು ಅವನೊಬ್ಬನೇ.

ಗೂಳಪ್ಪ ಪೇಪರ್ ಮಿಲ್ಲಿನಲ್ಲಿ ಕಾಗದದ ರೋಲುಗಳಿಗೆ ಪಟ್ಟಿ ಬಿಗಿಯುವ ಕೆಲಸದವನು. ಅಪ್ಪನ ಕಾಲಕ್ಕೆ ಧಾರವಾಡದ ಕಡೆಯಿಂದ ಬಂದು ಕೆಲಸಗಾರರ ಚಾಳಿನಲ್ಲಿ ನೆಲೆಯೂರಿದ ಕುಟುಂಬ. ದೇಶದ ಮಕ್ಕಳೆಲ್ಲ ಅಕ್ಷರ ಕಲಿತದ್ದು ತಾನು ಪಟ್ಟಿ ಬಿಗಿದ ಕಾಗದದ ಮೇಲೆಯೇ ಎಂಬುದು ಅವನ ಸಣ್ಣ ಬಡಾಯಿ. ದೊಡ್ಡ ಬಡಾಯಿ ಫೌಜದಾರ.

ಆ ಬಡಾಯಿಯ ಪ್ರಕಾರ, ನಾಲ್ಕು ವರ್ಷದ ಹಿಂದೆ ಜೊಯಿಡಾದ ದಟ್ಟಡವಿಯಲ್ಲಿ ಸೀಳುನಾಯಿಗಳ ಹಿಂಡು ಗೂಳಪ್ಪನನ್ನು ಸುತ್ತುಗಟ್ಟಿತು. ಗೂಳಪ್ಪ ಒಂದು ಸಲ ಕಣ್ಣು ಕೆಂಪಗೆ ಮಾಡಿ ನೋಡಿದ. ಹಿಂಡು ಹಿಂದೆ ಸರಿಯಿತು. ಅದರ ಯಜಮಾನತಿ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ತಂದು ಅವನ ಕಾಲ ಬಳಿ ಇಟ್ಟು, "ಇನ್ನ ಇದು ನಿಂದು" ಎನ್ನುವ ಹಾಗೆ ಕತ್ತು ಆಡಿಸಿ ಕಾಡು ಸೇರಿತು. ಆ ಮರಿಯೇ ಫೌಜದಾರ.

ಸೀಳುನಾಯಿ ಎಂದರೆ ಕೆಂಪು ಮೈಯ, ಕಪ್ಪು ಪೊದೆಬಾಲದ ಕಾಡುಪ್ರಾಣಿ. ಫೌಜದಾರನ ಮೈ ಕೆಂಪೇನೋ ಹೌದು. ಬಾಲ ಮಾತ್ರ ಜಿಲೇಬಿ.

"ಅಲ್ಲೋ ಗೂಳ್ಯಾ, ಅಡವಿ ಪ್ರಾಣಿ ಜ್ವಾಳದ ರೊಟ್ಟಿ, ಪುಂಡಿಪಲ್ಲೆ ತಿಂತೈತೇನು?" ಎಂದು ಕೇಳಿದ್ದರು ಎದುರುಮನೆಯ ಶಿವಲಿಂಗಪ್ಪ. ಮಿಲ್ಲಿನಿಂದ ನಿವೃತ್ತರಾಗಿ, ಊರಿನ ಎಲ್ಲ ಸಂಶಯಗಳ ಉಸ್ತುವಾರಿ ಹೊತ್ತವರು.

"ನಮ್ಮ ಮನಿ ಸೇರಿದ ಮ್ಯಾಲ ಮಾಂಸ ಬಿಟ್ಟೈತ್ರಿ ಕಾಕಾ. ಸೋಮವಾರ ಒಪ್ಪತ್ತು."

"ಕಿವ್ಯಾಗ ಉಣ್ಣಿ ಹತ್ಯಾವ ನೋಡೋ ತಮ್ಮಾ" ಎಂದಿದ್ದಳು ಪಕ್ಕದ ಮನೆಯ ಮಹಾದೇವಕ್ಕ.

"ಸೀಳುನಾಯಿ ರಕ್ತಾ ಹೀರಾಕ ಉಣ್ಣಿಗೆ ಎಲ್ಲಿ ಧೈರ್ಯ ಐತಿ ಯಕ್ಕಾ? ಅವು ಬರೇ ಮಾತಾಡ್ಸಾಕ ಬಂದಾವ."

ಹೀಗೆ ಎಲ್ಲ ಪ್ರಶ್ನೆಗೂ ಉತ್ತರವಿದ್ದ ಮನೆಯಲ್ಲಿ ಫೌಜದಾರ ಒಂದು ದಿನ ರೊಟ್ಟಿ ಮೂಸಿ ನೋಡಿ ಮುಖ ತಿರುಗಿಸಿದ. ಗೂಳಪ್ಪ ಅದಕ್ಕೆ ಉಪವಾಸ ಎಂದ. ಮರುದಿನವೂ ತಿನ್ನಲಿಲ್ಲ; ವ್ರತ ಎಂದ. ಬಾಗಿಲ ಮೂಲೆಯಲ್ಲಿ ಮಲಗಿದ ನಾಯಿ ಏಳುವುದನ್ನೇ ಬಿಟ್ಟಾಗ, ತಪಸ್ಸು ಎಂದ. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಹೆಂಡತಿ ಸುವರ್ಣಾ ನಾಯಿಯ ಮೂಗಿನ ಕೆಳಗೆ ಕೆಂಪು ಹನಿ ಕಂಡು ಕಸಬರಿಗೆ ಹಿಡಿದೇ ಗಂಡನ ಮುಂದೆ ನಿಂತಳು.

"ತಪಸ್ಸು ಮಾಡಾವ್ರ ಮೂಗಿನ್ಯಾಗ ರಕ್ತ ಬರತೈತೇನ್ರಿ?"

ಗೂಳಪ್ಪ ಕಸಬರಿಗೆಯನ್ನು ನೋಡಿದ. ಜಗತ್ತಿನಲ್ಲಿ ಅವನ ಬಳಿ ಉತ್ತರವಿಲ್ಲದ ಪ್ರಶ್ನೆ ಅದೊಂದೇ. ನಾಯಿಯನ್ನು ಎತ್ತಿಕೊಂಡು ಮೊದಲು ಬಚ್ಚಲಿಗೆ ಹೋಗಿ, ಆಮೇಲೆ ಆಟೋ ಹತ್ತಿದ.

ದನದ ದವಾಖಾನೆಯ ಡಾಕ್ಟರ್ ಜ್ಯೋತಿ ಫೌಜದಾರನ ತುಟಿ ಎತ್ತಿ ನೋಡಿದರು. ಒಸಡು ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು.

"ಉಣ್ಣೂದು ಬಿಟ್ಟು ಎಷ್ಟು ದಿನಾ ಆತು?"

"ನಿನ್ನೆಯಿಂದ ಸ್ವಲ್ಪ ಕಡಿಮಿ ಮಾಡೇತ್ರಿ."

"ಮೈಮ್ಯಾಲ ಉಣ್ಣಿ ಆಗಿದ್ವೇನು?"

"ಉಣ್ಣಿ? ಇದರ ಮೈಮ್ಯಾಲ? ಹೆಸರ ತಗೀಬ್ಯಾಡ್ರಿ ಡಾಕ್ಟರ್ ಬಾಯಾರ!"

ಡಾಕ್ಟರು ಕಿವಿಯನ್ನು ತಿರುಗಿಸಿ ನೋಡಿದರು. ಕಿವಿ ಲಗ್ನದ ಬೆಳ್ಳಿ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು. ಅವರು ಹುಬ್ಬು ಗಂಟಿಕ್ಕಿ, ಮುಂಗಾಲಿನಿಂದ ರಕ್ತ ತೆಗೆದು ಸಣ್ಣ ನಳಿಗೆಯಲ್ಲಿ ತುಂಬಿ ಕೊಟ್ಟರು.

"ಇದನ್ನ ಇವತ್ತ ಧಾರವಾಡಕ್ಕ ಒಯ್ದು ಪ್ರಾಣಿಗಳ ರಕ್ತ ನೋಡೂ ಲ್ಯಾಬಿಗೆ ಕೊಡ್ರಿ. ರಿಪೋರ್ಟ್ ಕೈಗೆ ಬಂದ ಕೂಡ್ಲೇ ನೆಟ್ಟಗ ನನ್ನ ಕಡೆ ಬರಬೇಕು. ನೀವು ಹೇಳೂದಕ್ಕೂ ಇದರ ಒಸಡಿಗೂ ತಾಳ ಕೂಡವಲ್ದು. ರಕ್ತ ಏನ ಹೇಳತೈತಿ ನೋಡೂಣು."

ಗೂಳಪ್ಪ ನಳಿಗೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ರಾಜಮುದ್ರೆ ಹೊತ್ತ ದೂತನಂತೆ ಧಾರವಾಡದ ಬಸ್ಸು ಹತ್ತಿದ. ಹಳಿಯಾಳದಲ್ಲಿ ಬಸ್ಸು ನಿಂತಾಗ ಬಾಣಲೆಯಿಂದ ಮಿರ್ಚಿ ಎದ್ದು ಕರೆಯಿತು. ಇಳಿದ. ತಿಂದ. ತಿರುಗಿ ನೋಡುವಷ್ಟರಲ್ಲಿ ಬಸ್ಸು ಧಾರವಾಡಕ್ಕೆ ಹೋಗಿತ್ತು, ರಾಜದೂತ ಹಳಿಯಾಳದಲ್ಲಿದ್ದ.

ಅಲ್ಲೇ ಹತ್ತಿರದಲ್ಲಿ ಅವನ ಶಾಲೆಯ ಗೆಳೆಯ ಲೋಕೇಶನ ರಕ್ತಪರೀಕ್ಷೆಯ ಅಂಗಡಿ. ಮನುಷ್ಯರ ರಕ್ತದ್ದು.

"ಲೇ ಗೂಳ್ಯಾ, ನಮ್ಮ ಮಷೀನ್ ಮನಷ್ಯಾರ ಲೆಕ್ಕಕ್ಕ ಕುಂತೈತಿ" ಎಂದ ಲೋಕೇಶ. "ನಾಯಿದು ಹಾಕಿದ್ರ ಏನೋ ಒಂದ ಎಣಿಕಿ ಬರತೈತಿ. ಆದ್ರ ಪಕ್ಕದಾಗ 'ಇಷ್ಟಿರಬೇಕು' ಅಂತ ಅಚ್ಚಾಗೂದು ಮನಷ್ಯಾಂದು. ಅದನ್ನ ನಂಬಬ್ಯಾಡ. ಧಾರವಾಡಕ್ಕ ಹೋಗು."

"ರಕ್ತ ಅಂದ್ರ ರಕ್ತಪಾ. ಹಾಕು."

"ಡಾಕ್ಟರಿಗೆ ಈ ಮಾತು ಹೇಳ್ತಿ ಹೌದಿಲ್ಲೋ?"

"ಹೇಳಲಾರದ ಬಿಡ್ತೇನೇನು?" ಎಂದ ಗೂಳಪ್ಪ. ಆಗ ಅವನ ಕಿವಿ ತೆರೆದಿತ್ತು, ಗಮನ ಇನ್ನೊಂದು ಮಿರ್ಚಿಯ ಮೇಲಿತ್ತು.

ದಾಂಡೇಲಿಗೆ ಮರಳುವ ಬಸ್ಸಿನಲ್ಲಿ ಅವನು ರಿಪೋರ್ಟು ಬಿಡಿಸಿದ. ಓದುಗರೇ, ಅಂಥ ರಿಪೋರ್ಟು ಭೂಮಿಯ ಮೇಲೆ ಇನ್ನೊಂದಿಲ್ಲ. ಸಾಲುಸಾಲಿಗೂ ದಪ್ಪಕ್ಷರ, ಪಕ್ಕದಲ್ಲಿ ಬಾಣದ ಗುರುತು. ಒಂದು ಬಾಣ ಆಕಾಶಕ್ಕೆ, ಇನ್ನೊಂದು ಪಾತಾಳಕ್ಕೆ. ಬಿಳಿಕಣ ಹೆಚ್ಚು, ಕೆಂಪುಕಣದ ಗಾತ್ರ ಕಡಿಮೆ, ಹಿಮೋಗ್ಲೋಬಿನ್ ಕಡಿಮೆ, ಪ್ಲೇಟ್‌ಲೆಟ್ ತೀರಾ ಕಡಿಮೆ, ಇನ್ನೇನೋ ಒಂದು ಹೆಚ್ಚು. ಬೇರೆಯವನಾಗಿದ್ದರೆ ಎದೆ ಒಡೆಯುತ್ತಿತ್ತು. ಗೂಳಪ್ಪನ ಎದೆ ಉಬ್ಬಿತು. ಹಳಿಯಾಳದ ಮಷೀನೇ ಬಾಯಿಬಿಟ್ಟು ಹೇಳಿದೆ: ಈ ರಕ್ತ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಂದರೆ ಇದು ನಾಯಿಯ ರಕ್ತವಲ್ಲ. ಅಂದರೆ ಕಾಡಿನದು!

ಬಸ್ಸಿಳಿದವನು ದವಾಖಾನೆಯ ದಾರಿ ಬಿಟ್ಟು ಚಹದಂಗಡಿಯ ದಾರಿ ಹಿಡಿದ. ರಿಪೋರ್ಟಿನ ಫೋಟೋ ತೆಗೆದು ಮಿಲ್ಲಿನ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿ, ಜೊತೆಗೆ ತನ್ನ ದನಿಯನ್ನೂ ಕಳಿಸಿದ: "ಇಷ್ಟ ದಿವಸ ನಕ್ಕಾವ್ರು ಈಗ ಅಳ್ರಿ. ನಮ್ಮ ಫೌಜದಾರನ್ನ ನಾನು ಜೊಯಿಡಾ ಅಡವಿಂದ ತಂದದ್ದು, ಅದು ಅಸಲ ಸೀಳುನಾಯಿ ಅಂತ ವಿಜ್ಞಾನ ಸಾಬೀತ ಮಾಡೇತಿ!"

ಮರುದಿನ ಬೆಳಿಗ್ಗೆ ಚಾಳಿಗೆ ಚಾಳೇ ಅವನ ಅಂಗಳದಲ್ಲಿತ್ತು. ಇಷ್ಟು ವರ್ಷ ಕಲ್ಲು ಬೀಸಿದವರು ಈಗ ನಾಯಿಗೆ ಕೈಮುಗಿಯುವುದೊಂದು ಬಾಕಿ. ಜೊತೆಗೆ, ಒಬ್ಬೊಬ್ಬರೂ ತಮ್ಮ ತಮ್ಮ ಕಾಯಿಲೆಯ ಔಷಧ ತಂದಿದ್ದರು. ರಕ್ತದ ರಿಪೋರ್ಟು ಓದಲು ಬಾರದವರು ಈಗಿನ ಕಾಲದಲ್ಲಿ ಯಾರಿದ್ದಾರೆ?

"ಪ್ಲೇಟ್‌ಲೆಟ್ ಕಡಿಮಿ ಅಂದ್ರ ಡೆಂಗೀ" ಎಂದು ತೀರ್ಪಿತ್ತರು ಶಿವಲಿಂಗಪ್ಪ. "ನನ್ನ ಅಳಿಯಾಗ ಆಗಿತ್ತು. ಪಪ್ಪಾಯಿ ಎಲಿ ರಸ ಕುಡಸ್ರಿ."

"ರಕ್ತಾ ಕಡಿಮಿ ಐತಿ, ಬೀಟರೂಟ್ ಕೊಡ್ರಿ. ನನ್ನ ಸೊಸಿಗೆ ಬಾಣಂತನದಾಗ ಅದನ್ನ ಕೊಟ್ಟಿದ್ದೆ" ಎಂದಳು ಮಹಾದೇವಕ್ಕ.

"ಸೊಸಿಗೂ ಸೀಳುನಾಯಿಗೂ ಒಂದ ಪಥ್ಯೇನು?"

"ನನ್ನ ಸೊಸೀನ್ನ ನೀವು ಕಂಡಿಲ್ಲ ಬಿಡ್ರಿ."

ಗೂಳಪ್ಪ ಎಲ್ಲರನ್ನೂ ಕೈಯೆತ್ತಿ ತಡೆದ. "ಯಾವ ಔಷಧಾನೂ ಬ್ಯಾಡ! ಅಡವಿ ಪ್ರಾಣಿಗೆ ಇದ ನಾರ್ಮಲ್. ರಕ್ತಾ ತೆಳ್ಳಗಿದ್ರ ಓಡಾಕ ಹಗರ ಆಗತೈತಿ."

"ಓಡೂದಿರ್ಲಿ, ಎದ್ದ ನಿಂದ್ರವಲ್ದು" ಎಂದಳು ಸುವರ್ಣಾ. ಅವಳು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚೆಯಲ್ಲಿ ಮಜ್ಜಿಗೆ ಹನಿಸುತ್ತಿದ್ದಳು. ಮಜ್ಜಿಗೆ ಬಾಯಿಯ ಇನ್ನೊಂದು ಬದಿಯಿಂದ ಸೋರುತ್ತಿತ್ತು. "ಡಾಕ್ಟರ ಕಡೆ ಹೋಗ್ರಿ ಅಂದ್ರ ಚಹದಂಗಡಿಗೆ ಹೋದ್ರಿ. ಕೊಡ್ರಿಲ್ಲೆ ಫೋನು." ಅವಳೇ ಡಾಕ್ಟರಿಗೆ ಫೋನು ಹಚ್ಚಿದಳು.

ಡಾಕ್ಟರಿಗಿಂತ ಮೊದಲು ಜೀಪು ಬಂತು. ಜೀಪಿನ ಹಿಂದೆ ಕಬ್ಬಿಣದ ಪಂಜರ. ಇಳಿದವರು ಫಾರೆಸ್ಟ್ ಗಾರ್ಡ್ ಅಡಿವೆಯ್ಯ.

"ಗೂಳಪ್ಪ ಅಂದ್ರ ಯಾರು?"

"ನಾನ್ರಿ ಸಾಹೇಬ್ರ. ಮೆರವಣಿಗಿಗೆ ಬಂದೀರೇನು?"

"ಹೌದು, ಜೀಪಿನ್ಯಾಗ ಮೆರವಣಿಗಿ." ಅಡಿವೆಯ್ಯ ಫೋನು ಒತ್ತಿದರು. ಅದರೊಳಗಿಂದ ಗೂಳಪ್ಪನದೇ ದನಿ, 'ಜೊಯಿಡಾ ಅಡವಿಂದ ತಂದದ್ದು, ಅಸಲ ಸೀಳುನಾಯಿ' ಎಂದು ಚಾಳೆಲ್ಲ ಕೇಳುವಂತೆ ಗುಡುಗಿತು. "ಈ ದನಿ ನಿಂದ ಹೌದಿಲ್ಲೋ? ಸೀಳುನಾಯಿ ಮನ್ಯಾಗ ಸಾಕೂದು ಅಪರಾಧ ಅಂತ ಗೊತ್ತೈತೋ ಇಲ್ಲೋ?"

ಇಲ್ಲಿ ಬೇರೆ ಯಾವನಾದರೂ ಕಾಲಿಗೆ ಬೀಳುತ್ತಿದ್ದ. ಗೂಳಪ್ಪ ಲುಂಗಿ ಮೇಲೆ ಕಟ್ಟಿದ. ಸುತ್ತ ಇಡೀ ಚಾಳು ನಿಂತಿತ್ತು. ನಾಲ್ಕು ವರ್ಷದ ಮೇಲೆ ಬಂದ ಮರ್ಯಾದೆಯನ್ನು ಅಷ್ಟು ಸುಲಭಕ್ಕೆ ಬಿಡುವುದು ಹೇಗೆ?

"ಹೌದು, ನಂದ ದನಿ. ಸೀಳುನಾಯಿನ. ಅದರ ತಾಯಿ ನನ್ನ ಕೈಯಾಗ ಕೊಟ್ಟಾಳ. ನಿಮ್ಮ ಇಲಾಖೆ ಕೈಯಾಗ ಕೊಟ್ಟಾಳೇನು? ಅಕಿನ್ನ ಕರಕೊಂಡ ಬರ್ರಿ, ಕೇಳೂಣು!"

"ಅಕಿ ಸಿಕ್ಕಾಗ ಕೇಳೂಣು. ಈಗ ಇದನ್ನ ಒಯ್ತೇನಿ. ಲೇ, ಪಂಜರಾ ಇಳಸ್ರೆಪಾ!"

ಅಷ್ಟರಲ್ಲಿ ಡಾಕ್ಟರ್ ಜ್ಯೋತಿಯವರ ಸ್ಕೂಟರು ಬಂತು. ಅವರು ಯಾರನ್ನೂ ನೋಡದೆ ನೇರವಾಗಿ ನಾಯಿಯ ಪಕ್ಕ ಕೂತರು. ಒಸಡು ನೋಡಿದರು, ಹೊಟ್ಟೆಯ ಮೇಲೆ ಹೊಸದಾಗಿ ಎದ್ದಿದ್ದ ಕೆಂಪು ಚುಕ್ಕೆಗಳನ್ನು ನೋಡಿದರು. ರಿಪೋರ್ಟು ಕೇಳಿ ಓದಿದರು. ಮೇಲಿದ್ದ ಲ್ಯಾಬಿನ ಹೆಸರು ಓದಿ ಇನ್ನೊಮ್ಮೆ ಓದಿದರು.

"ಇದು ಮನಷ್ಯಾರ ಲ್ಯಾಬ್ ಅಲ್ಲೇನು?"

"ರಕ್ತ ಅಂದ್ರ ರಕ್ತ..." ಎಂದು ಶುರು ಮಾಡಿದ ಗೂಳಪ್ಪ ಅಲ್ಲಿಗೇ ನಿಲ್ಲಿಸಿದ.

"ಗೂಳಪ್ಪನವ್ರ, ನಿಮ್ಮ ಅಂಗಿ ನಿಮ್ಮ ಹೆಂಡ್ತಿಗೆ ಹಾಕಿ, ತೋಳು ಉದ್ದ ಆತು, ಅಕಿನ ಕೈ ಗಿಡ್ಡ ಅದಾವ ಅಂದ್ರ ಹೆಂಗ? ಈ ಕಾಗದ ಫೌಜದಾರನ್ನ ಮನಷ್ಯಾ ಅಂತ ತಿಳದೈತಿ. ಬಿಳಿಕಣ ಹೆಚ್ಚು ಅಂತ ಬಾಣ ಹಾಕೇತಿ. ಮನಷ್ಯಾಗ ಹೆಚ್ಚು, ನಾಯಿಗೆ ಇಷ್ಟು ಇರತೈತಿ. ಕೆಂಪುಕಣ ಸಣ್ಣು ಅಂದೈತಿ. ನಾಯಿವು ಇರೂದ ಸಣ್ಣು. ಈ ಬಾಣ ಎಲ್ಲಾ ಬರೇ ಗದ್ದಲ." ಅವರ ಬೆರಳು ಕೆಳಗೆ ಸರಿಯಿತು. "ಆದ್ರ ಇವೆರಡು ನೋಡ್ರಿ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್. ಇವು ಯಾರ ಅಳತ್ಯಾಗ ಹಿಡಿದ್ರೂ ಕಡಿಮಿನ. ಪ್ಲೇಟ್‌ಲೆಟ್ ಕೆಲವೊಮ್ಮೆ ನಳಿಗ್ಯಾಗ ಗಂಟು ಕಟ್ಟಿ ಮಷೀನಿನ ಕಣ್ಣ ತಪ್ಪಿಸ್ತಾವ. ಅದಕ್ಕ ನಾನು ಗಾಜಿನ ಮ್ಯಾಲೆ ಹಚ್ಚಿ ನೋಡ್ತೇನಿ. ಆದ್ರ ಮೂಗಿನ್ಯಾಗ ರಕ್ತ, ಹೊಟ್ಟಿಮ್ಯಾಲ ಚುಕ್ಕಿ, ಬಿಳೇ ಒಸಡು, ಎಲ್ಲಾ ಕೂಡಿ ಒಂದ ಮಾತು ಹೇಳಾಕತ್ತಾವ. ಔಷಧ ಇವತ್ತ ಶುರು ಆಗಬೇಕು. ನಾಳೆ ಅಂದ್ರ ತಡಾ."

"ಶುರು ಮಾಡ್ರಿ" ಎಂದಳು ಸುವರ್ಣಾ.

"ಮಾಡಾಕ ಬರೂದಿಲ್ರಿ" ಎಂದರು ಅಡಿವೆಯ್ಯ. "ಕಾಡುಪ್ರಾಣಿಗೆ ಸೂಜಿ ಚುಚ್ಚಬೇಕಾದ್ರ ಮ್ಯಾಲಿಂದ ಪರವಾನಗಿ ಬೇಕು. ಇವತ್ತ ಶನಿವಾರ. ಸಾಹೇಬ್ರು ಸೋಮವಾರ ಬರ್ತಾರ."

"ಅಡಿವೆಯ್ಯನವ್ರ, ಬಾಲಾ ನೋಡ್ರಿ. ಇದು ಊರನಾಯಿ" ಎಂದರು ಡಾಕ್ಟರು.

"ನನಗೂ ಹಂಗ ಕಾಣತೈತ್ರಿ ಬಾಯಾರ. ಆದ್ರ ಇಂವಾ ಅಡವಿಂದ ತಂದೇನಿ ಅಂತ ಊರಿಗೆಲ್ಲಾ ಡಂಗುರ ಹೊಡದಾನ. ಅದು ಸುಳ್ಳ ಅಂತ ಅಂವನ ಬಾಯಿಲೆ ಹೇಳೂದಕ್ಕಿಂತ ಮೊದಲ ನಾನು ಬಿಟ್ರ ನನ್ನ ನೌಕರಿ ಹೋಗತೈತಿ."

ಎಲ್ಲರ ಕಣ್ಣು ಗೂಳಪ್ಪನ ಮೇಲೆ. ಅವನು ಚಾಳಿನವರನ್ನು ನೋಡಿದ. ಪಂಜರವನ್ನು ನೋಡಿದ. ಫೌಜದಾರ ಸುವರ್ಣಾಳ ತೊಡೆಯಿಂದ ತಲೆಯೆತ್ತಲು ಒಮ್ಮೆ ಪ್ರಯತ್ನಿಸಿ ಬಿಟ್ಟುಬಿಟ್ಟ.

"ಸಾಹೇಬ್ರ" ಎಂದ ಗೂಳಪ್ಪ, ದನಿ ಇಳಿಸಿ. "ಅರ್ಧಾ ಸೀಳುನಾಯಿ ಅಂತ ಹಿಡೀರಿ. ತಾಯಿ ಕಡಿಂದ."

"ಅರ್ಧಾ ಇದ್ರೂ ಪೂರ್ತಿ ಕೇಸು."

"ಕಾಲು?"

"ಪಂಜರದ ಬಾಗಲಾ ತಗೀರೆಪಾ."

"ಬರೇ ಎಡಗಿವಿ ಅಂತ ಹಿಡೀರಿ! ಉಳದದ್ದೆಲ್ಲಾ ಊರಂದು!"

"ಏ ಗೂಳಪ್ಪ! ಚೌಕಾಶಿ ಮಾಡಾಕ ಇದೇನು ಸಂತಿ ಅಂತ ತಿಳದೀಯೇನು?"

ಸಂತೆ ಎಂಬ ಮಾತು ಬಿದ್ದದ್ದೇ ತಡ, ಗೂಳಪ್ಪನ ಒಳಗೆ ನಾಲ್ಕು ವರ್ಷದಿಂದ ಪಟ್ಟಿ ಬಿಗಿದು ಇಟ್ಟಿದ್ದ ರೋಲು ಪಟಾರನೆ ಬಿಚ್ಚಿಕೊಂಡಿತು.

"ಹೌದ್ರಿ, ಸಂತಿನ! ಮುಂಡಗೋಡ ಸಂತಿ! ನಾನು ಜೊಯಿಡಾಕ್ಕ ಹೋಗೇ ಇರಲಿಲ್ಲ. ಮಳಗಿ ಊರಾಗ ನಮ್ಮ ಚಿಗವ್ವನ್ನ ಮಾತಾಡ್ಸಿ ಬರೂವಾಗ ಮುಂಡಗೋಡದಾಗ ಇಳದು ಬದನಿಕಾಯಿ ಕೊಂಡೆ. ಕೊಸರು ಹಾಕಬೇ ಅಂತ ಮುದುಕಿಗೆ ಗಂಟಬಿದ್ದೆ. ಒಂದ ಕಾಯಿ ಹಾಕಿದ್ಲು. ಇನ್ನೊಂದ ಹಾಕು ಅಂದೆ. ಹಾಕಿದ್ಲು. ಇನ್ನೂ ಒಂದ ಅಂದೆ. ಅಕಿಗೆ ಸಿಟ್ಟ ಬಂತು. ಬುಟ್ಟಿ ಹಿಂದ ಕುಂಯ್ ಕುಂಯ್ ಅನ್ನೂ ಈ ಮರಿ ಎತ್ತಿ ನನ್ನ ಚೀಲದಾಗ ಒಗದ್ಲು. 'ತಗೋ ನಿನ್ನ ಕೊಸರು, ಇನ್ನ ನಡಿ' ಅಂದ್ಲು!"



"ಸುಳ್ಳ!" ಎಂದಳು ಮಹಾದೇವಕ್ಕ. ತನ್ನ ಪಕ್ಕದ ಮನೆಯಲ್ಲಿ ಸೀಳುನಾಯಿಯಿದೆ ಎಂದು ಅವಳು ಆಗಲೇ ಬೀಗರಿಗೆಲ್ಲ ಹೇಳಿಯಾಗಿತ್ತು. "ನಾಯಿ ಉಳಸಾಕ ಸುಳ್ಳ ಹೇಳಾಕತ್ತೀಯಲ್ಲೋ!"

"ಅದು ಅಡವಿದ ಐತಿ" ಎಂದರು ಶಿವಲಿಂಗಪ್ಪ. "ಬೊಗಳಿದ್ದು ನಾನಂತೂ ಒಂದಿನಾ ಕೇಳಿಲ್ಲ."

"ಕಾಕಾ, ಅದು ಬೊಗಳತೈತಿ ಅಂತ ನೀವು ನಾಕ ವರ್ಷದಿಂದ ನನ್ನ ಜೋಡಿ ಜಗಳಾ ಆಡೀರಿ!"

"ಅದು ಬ್ಯಾರೆ ಜಗಳ."

ಗೂಳಪ್ಪನ ಜೀವಮಾನದಲ್ಲಿ ಮೊದಲ ಸಲ ಒಂದು ಸತ್ಯ ಬಾಯಿಂದ ಬಂದಿತ್ತು, ಅದನ್ನು ಕೊಳ್ಳುವವರೇ ಇರಲಿಲ್ಲ. ಅವನು ಕೆರಳಿದ ಗೂಳಿಯಾದ.

"ಇನ್ನೂ ಕೇಳ್ರಿ ಹಂಗಾರ! ಬಸ್ ಸ್ಟ್ಯಾಂಡಿನ್ಯಾಗ ಒಂದ ಕೋಳಿ ಇದನ್ನ ಬೆನ್ನ ಹತ್ತಿತ್ತು. ನಿಮ್ಮ ಸೀಳುನಾಯಿ ನನ್ನ ಧೋತರದಾಗ ಹೊಕ್ಕಿತ್ತು! ಬಸ್ಸಿನ್ಯಾಗ ಬದನಿಕಾಯಿ ಮ್ಯಾಲೆ ಉಚ್ಚಿ ಹೊಯ್ದಿತ್ತು!"

ಸುವರ್ಣಾ ತಲೆಯೆತ್ತಿದಳು. "ಅವತ್ತ ಎಣಗಾಯಿ ಮಾಡಿದ್ದೆ. ವಾಸನಿ ಬಂತಂದ್ರ, ಮುಂಡಗೋಡ ಮಣ್ಣಿನ ಗುಣ ಅಂದಿದ್ರಿ."

"ಅಂದಿದ್ದೆ."

"ಎರಡ ಸಲ ನೀಡಿಸಿಕೊಂಡಿದ್ರಿ."

"ಮಣ್ಣಿನ ಗುಣ ಅಂದ ಮ್ಯಾಲ ನೀಡಿಸಿಕೊಳ್ಳಲಾರದ ಹೆಂಗ ಬಿಡ್ಲಿ?"

ಅಡಿವೆಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಇಷ್ಟ ಮಾನಗೇಡಿ ಕತಿ ಯಾರೂ ಕಟ್ಟಿ ಹೇಳೂದಿಲ್ಲ. ಇದು ಖರೇನ ಇರಬೇಕು. ಲೇ, ಪಂಜರಾ ಏರಸ್ರಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. "ಬದನಿಕಾಯಿ ಕೊಸರು!" ಎಂದು ಇನ್ನೊಬ್ಬರು. ನಗು ಒಂದು ಮನೆಯಿಂದ ಇನ್ನೊಂದು ಮನೆಗೆ ಹತ್ತಿಕೊಂಡಿತು. ಗೂಳಪ್ಪ ತಿರುಗಿ ನಿಂತ. ಎದೆ ಮೊದಲಿಗಿಂತ ಎರಡು ಗೇಣು ಹೆಚ್ಚು ಉಬ್ಬಿತ್ತು.

"ನಗ್ರಿ! ಕೊಸರ ಐತಿ, ಏನೀಗ? ನೀವೆಲ್ಲಾ ಹುಟ್ಟಿದಾಗಿಂದ ಸಂತಿಗೆ ಹೊಂಟೀರಿ, ಕೊಳೆತ ಟೊಮೇಟೊ ಬಿಟ್ರ ನಿಮಗೇನರ ಕೊಸರು ಸಿಕ್ಕೇತೇನು? ತಕ್ಕಡ್ಯಾಗ ಹಿಡೀಲಾರದ್ದು ನನಗ ಸಿಕ್ಕೇತಿ. ಅಸಲ ಬೀದಿನಾಯಿ! ಹೋಗ್ರಿ, ಇದನ್ನೂ ವಾಟ್ಸಾಪಿನ್ಯಾಗ ಹಾಕ್ರಿ!"

ಜೀಪು ಹೋಯಿತು. ಚಾಳಿನವರು ಮನಸ್ಸಿಲ್ಲದ ಮನಸ್ಸಿನಿಂದ ಒಬ್ಬೊಬ್ಬರಾಗಿ ಕರಗಿದರು. ಮಹಾದೇವಕ್ಕ ಮಾತ್ರ ಬೀಗರಿಗೆ ಏನು ಹೇಳುವುದೆಂದು ಗೋಡೆ ಹಿಡಿದು ನಿಂತಳು. ಡಾಕ್ಟರು ಚೀಲ ಬಿಚ್ಚಿ ಸೂಜಿ ತೆಗೆದು, ನಾಯಿಯ ಕಾಲು ಹಿಡಿದವರು ಹಾಗೇ ನಿಂತರು. ಬೆರಳಿನ ಸಂದಿನಿಂದ ಏನೋ ಕಿತ್ತು ಅಂಗೈ ಮೇಲಿಟ್ಟುಕೊಂಡರು. ಹೊಟ್ಟೆ ತುಂಬ ಉಂಡು ಅವರೆಕಾಳಿನಷ್ಟಾದ ಬೂದುಬಣ್ಣದ ಉಣ್ಣಿ.

"ಇದೇನು, ಗೂಳಪ್ಪನವ್ರ?"

"ಅದು..." ಅವನ ಕಣ್ಣು ಅತ್ತಿತ್ತ ಓಡಿತು. "ಈಗ ಜೀಪಿನ ಸಂಗಾಟ ಬಂದಿರಬೇಕ್ರಿ."

"ಈಗ ಬಂದದ್ದು ಇಷ್ಟ ದಪ್ಪ ಆಗತೈತೇನು?"

ಗೂಳಪ್ಪ ನಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಉಬ್ಬಿದ್ದ ಎದೆ ಅಂಗಿಯೊಳಗೆ ಎಲ್ಲಿ ಹೋಯಿತೋ.

"ಕಿವಿ ತುಂಬ ಇದ್ವುರಿ. ನಿನ್ನೆ ನಿಮ್ಮ ಕಡೆ ಬರೂಕಿಂತ ಮೊದಲ ನಾನ ಎಲ್ಲಾ ಕಿತ್ತು, ಸಾಬಾಣ ಹಚ್ಚಿ ತೊಳದು ತಂದಿದ್ದೆ. ಇದಕ್ಕ ಉಣ್ಣಿ ಹತ್ತೂದಿಲ್ಲ ಅಂತ ಊರಿಗೆಲ್ಲಾ ಹೇಳಿದ್ನೆಲ್ರಿ, ನೀವು ನೋಡಿದ್ರ ಮರ್ಯಾದಿ ಹೋಗತಿತ್ತು. ಉಣ್ಣೂದೂ ನಾ ಹೇಳಿದಂಗ ಒಂದ ದಿನದಿಂದ ಬಿಟ್ಟಿದ್ದಿಲ್ರಿ. ವಾರದ ಮ್ಯಾಲಾತು."

ಡಾಕ್ಟರು ಔಷಧವನ್ನು ಸೂಜಿಗೆ ಎಳೆದುಕೊಂಡರು.

"ಇದು ಉಣ್ಣಿ ಜ್ವರಾ. ಈ ಮಾತು ನಿನ್ನೆ ಹೇಳಿದ್ರ ರಿಪೋರ್ಟಿನ ದಾರಿ ಕಾಯಲಾರದ ನಿನ್ನೆನ ಔಷಧಾ ಕೊಟ್ಟಿರ್ತಿದ್ದೆ."

"ಉಳೀತೈತೇನ್ರಿ?"

"ಎರಡ ದಿವಸದಾಗ ತಲಿ ಎತ್ತಿತಂದ್ರ ಉಳೀತೈತಿ. ವಾರದ ಮ್ಯಾಲೆ ಮತ್ತ ರಕ್ತಾ ತಗದು ನೋಡೂಣು. ಈಗ ಗಟ್ಟಿ ಹಿಡೀರಿ. ಅಂಜೂದಿಲ್ಲಲ್ಲ?"

"ನಾನು? ಸೂಜಿಗೆ?" ಎಂದ ಗೂಳಪ್ಪ. ಆಮೇಲೆ ಕಣ್ಣು ಮುಚ್ಚಿ, ಫೌಜದಾರನ ಕತ್ತಿನ ಕೂದಲಲ್ಲಿ ಮುಖ ಹುದುಗಿಸಿಕೊಂಡ. "ಭಾಳ ಅಂಜಿಕಿ ಬರತೈತ್ರಿ ಬಾಯಾರ."